ರನ್ನಿಂಗ್ ಫೂಟ್ ಲೆಕ್ಕದಲ್ಲಿ ಬೆಕ್ಕಿನ ಮರಿ ಬರುವುದಿಲ್ಲ

ಹುಬ್ಬಳ್ಳಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಮೆಜರ್‌ಮೆಂಟ್ ಮತ್ತು ಸೈಟ್ ಎರಡೂ ನನ್ನ ತಲೆಗೇ. ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ರೇಲಿಂಗ್, ಗ್ರಿಲ್, ಗೇಟು. 9 ವರ್ಷ ಆಯಿತು. ಮೆಟ್ಟಿಲು ನೋಡಿದ ತಕ್ಷಣ ಎಷ್ಟು ರನ್ನಿಂಗ್ ಫೂಟ್, ಅಂದರೆ ಉದ್ದ ಎಷ್ಟು ಅಡಿ ಅಂತ ಬಾಯಲ್ಲೇ ಹೇಳಿಬಿಡುತ್ತೇನೆ, ಟೇಪ್ ಹಿಡಿಯುವುದು ಗಿರಾಕಿಯ ಸಮಾಧಾನಕ್ಕೆ. ಅಂಥ ನನಗೆ ಧಾರವಾಡದ ನಿವೃತ್ತ ಅಕ್ಕೋರೊಬ್ಬರು (ಟೀಚರ್) ಮೆಜರ್‌ಮೆಂಟ್ ಹಾಳೆಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕೊಟ್ಟರು. ತಿದ್ದಿದ್ದು ಸರಿಯಾಗಿಯೇ ಇತ್ತು. ಉರಿಯುತ್ತಿರುವುದು ಅದಕ್ಕೇ.

ಮನೆ ಸಪ್ತಾಪುರದ ಕಡೆ. ಒಳಗೇ ಮೆಟ್ಟಿಲು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಹಾಲ್‌ಗೆ ಬಯಲು. 17 ಮೆಟ್ಟಿಲು, ಒಂದೊಂದು 7 ಇಂಚು ಎತ್ತರ, ಮೇಲೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್. ಹಳೆ ಕಬ್ಬಿಣದ ರೇಲಿಂಗ್ ತುಕ್ಕು ಹಿಡಿದಿತ್ತು. ಅದನ್ನು ತೆಗೆದು 304 ದರ್ಜೆಯ ಸ್ಟೀಲ್ ಪೈಪಿನ ಹೊಸದು ಕೂರಿಸಬೇಕು. ಮೇಲೆ ಎರಡಿಂಚಿನ ಟಾಪ್, ಕೆಳಗೆ ಐದು ಲೈನ್ ಅಡ್ಡ ಪೈಪು. ನಮ್ಮಲ್ಲಿ ಎಲ್ಲರಿಗೂ ಇದೇ ಡಿಸೈನ್. ಯಾಕಂದ್ರೆ ಮಾಲಕರಿಗೆ ಉದ್ದ ಪೈಪು ಕತ್ತರಿಸುವ ಕೂಲಿ ಕಡಿಮೆ.

ಅಳೆಯುತ್ತಿದ್ದಾಗ ಅಕ್ಕೋರು ಚಹಾ ತಂದು ಹೇಳಿದರು. "ತಮ್ಮಾ, ಮ್ಯಾಲಿನ ಖೋಲ್ಯಾಗ ಬೆಕ್ಕು ಮರಿ ಹಾಕೇತಿ. ನಾಕ ಅದಾವ. ಈಗ ಐದು ವಾರದ್ದು. ಪೈಪಿನ ಸಂದಿ ಸಣ್ಣದಿರಲಿ."

ನಾನು ಚಹಾ ಹೀರಿಕೊಂಡು ನಕ್ಕೆ. "ಅಕ್ಕೋರ, ಬೆಕ್ಕು ಎಲ್ಲಿಂದ ಬಿದ್ರೂ ಕಾಲ ಮ್ಯಾಲೇ ಬೀಳ್ತೇತ್ರಿ. ನೀವು ಚಿಂತಿ ಮಾಡಬ್ಯಾಡ್ರಿ."

ಹಾಳೆಯಲ್ಲಿ ಸಂದಿ 5 ಇಂಚು ಅಂತ ಬರೆದೆ.

ಶನಿವಾರ ಹಳೆಯದನ್ನು ಕತ್ತರಿಸಿ ತೆಗೆದೆವು. ಭಾನುವಾರ ಪಿಲ್ಲರ್ ನಿಲ್ಲಿಸುವುದು. ಭಾನುವಾರ ಕೆಲಸ ಯಾಕೆ ಅಂತ ಕೇಳಬೇಡಿ. ಸೋಮವಾರಕ್ಕೆ ಮಾಲಕರು ಗದಗದ ಆರ್ಡರ್ ಹಿಡಿದಿದ್ದರು, ನಮ್ಮನ್ನು ಕೇಳದೆ. ನಾನು, ವೆಲ್ಡಿಂಗ್ ಮಾಸ್ಟರ್, ಒಬ್ಬ ಹೆಲ್ಪರ್ ಹುಡುಗ, ಮೂರೇ ಜನ. ಆರ್ಗಾನ್ ವೆಲ್ಡಿಂಗ್ ಮಷಿನ್‌ಗೆ ಪವರ್ ಪಾಯಿಂಟ್ ಬೇಕು. ಕೆಳಗಿನ ಹಾಲ್‌ನಲ್ಲಿದ್ದದ್ದು ಸಣ್ಣ ಪ್ಲಗ್. ದೊಡ್ಡದಿದ್ದದ್ದು ಮೇಲಿನ ಖೋಲಿಯಲ್ಲಿ, ಎಸಿಗೆ ಅಂತ ಹಾಕಿಸಿದ್ದು. ಮರಿಗಳನ್ನು ಕೂಡಿಹಾಕಿದ್ದೂ ಅದೇ ಖೋಲಿಯಲ್ಲಿ. ಉದ್ದ ವಾಯರ್ ತರೋಣ ಅಂತ ನಾನು ಹಿಂದಿನ ತಿಂಗಳಿಂದ ಹೇಳುತ್ತಲೇ ಇದ್ದೆ. ಇದ್ದ ಎಕ್ಸ್‌ಟೆನ್ಶನ್ ಬಾಕ್ಸಿನ ವಾಯರ್ ಹಗ್ಗದಷ್ಟು ದಪ್ಪ. ಬಾಗಿಲ ಸಂದಿಯಲ್ಲಿ ಎಳೆದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಎರಡು ಇಂಚು ಉಳಿಯುತ್ತದೆ.

ಅದನ್ನು ನಾನು ನೋಡಿದೆ. ನೋಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಬಾಗಿಲ ಮುಂದೆ ಒಂದು ಇಟ್ಟಂಗಿಯನ್ನೋ ಡ್ರಿಲ್ ಪೆಟ್ಟಿಗೆಯನ್ನೋ ಅಡ್ಡ ಇಡಬಹುದಿತ್ತು. "ಎರಡಿಂಚಿನ್ಯಾಗ ಏನ ಹೊರಗ ಬರ್ತೇತಿ" ಅಂದುಕೊಂಡು ಕೆಳಗೆ ಇಳಿದೆ.

ಒಂದೂವರೆಗೆ ಮಷಿನ್ ಬಂದ್ ಮಾಡಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಗ್ರೈಂಡರ್ ಸದ್ದು ನಿಂತ ಮೇಲೆ ಮನೆ ಒಮ್ಮೆಗೆ ತಣ್ಣಗಾಯಿತು. ಆಗ ಕೇಳಿಸಿತು, ಸಣ್ಣ ದನಿ. ಕೀ ಕೀ ಅಂತ. ತಲೆ ಎತ್ತಿದರೆ 13ನೇ ಮೆಟ್ಟಿಲ ತುದಿಯಲ್ಲಿ ಬೂದಿ ಬಣ್ಣದ ಮರಿ. ನಾಲ್ಕು ಮೆಟ್ಟಿಲು ಕೆಳಗೆ ಬಂದಿತ್ತು. ಇಳಿದು ಬಂದಿರಲಿಲ್ಲ, ಜಾರಿ ಬಂದಿತ್ತು. ಮೇಲೆ ಹೋಗಲು ಅದಕ್ಕೆ 7 ಇಂಚು ಅಂದರೆ ಗೋಡೆ. ಕೆಳಗೆ ಬರಲು ಧೈರ್ಯವಿಲ್ಲ. ಬಯಲಿನ ಕಡೆ ನಾವು ಆಗಷ್ಟೇ ನಿಲ್ಲಿಸಿದ ಪಿಲ್ಲರುಗಳು, ಒಂದಕ್ಕೊಂದು ಮೂರು ಅಡಿ ದೂರ. ನಡುವೆ ಒಂದು ಪೈಪೂ ಇಲ್ಲ.

ಮಾಸ್ಟರ್ ಕೈಯಲ್ಲಿ ರೊಟ್ಟಿ ಹಾಗೇ ಹಿಡಿದುಕೊಂಡು ಮೆಲ್ಲಗೆ ಹೇಳಿದರು. "ಯಾರೂ ಅಲ್ಲಾಡಬ್ಯಾಡ್ರಿ. ಅದರ ಕೆಳಗ ಟಾವೆಲ್ ಹಿಡಕೊಂಡು ನಿಂದರೂಣು. ಅಕ್ಕೋರು ಮ್ಯಾಲಿಂದ ಬರಲಿ. ಅವರ ದನಿ ಗುರ್ತ ಐತಿ ಅದಕ್ಕ."

ಎಷ್ಟು ಸರಿಯಾದ ಮಾತು ನೋಡಿ. ಮಾಸ್ಟರ್ ಮನೆಯಲ್ಲಿ ಆಡು ಸಾಕಿದವರು. ನಾನು ಸಾಕಿದ್ದು ಏನೂ ಇಲ್ಲ. ಆದರೆ ಸೈಟಿಗೆ ನಾನೇ ದೊಡ್ಡವನಲ್ವಾ? ಸೇಫ್ಟಿ ಶೂ ಹಾಕಿಕೊಂಡೇ ಧಡಧಡ ಮೆಟ್ಟಿಲು ಹತ್ತಿದೆ.

ಐದಾರು ಸೆಕೆಂಡ್ ಇರಬಹುದು. ನನಗೆ ಅದು ಈಗಲೂ ಒಂದೊಂದು ಮೆಟ್ಟಿಲಾಗಿ ನೆನಪಿದೆ. ಐದನೆಯದರಲ್ಲಿದ್ದಾಗ ಮರಿ ನನ್ನನ್ನು ನೋಡಿತು. ಎಂಟನೆಯದರಲ್ಲಿ ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಮೈಕೂದಲು ನಿಮಿರಿಸಿತು. ಹತ್ತನೆಯದರಲ್ಲಿ ನಾನು ಕೈ ಚಾಚಿದೆ. ಅದು ಹಿಂದಕ್ಕೆ ಸರಿಯಿತು. ಒಂದು ಹೆಜ್ಜೆ, ಇನ್ನೊಂದು. ಹಿಂಗಾಲು ಗ್ರಾನೈಟಿನ ಮೋಲ್ಡಿಂಗ್ ಮೇಲೆ ಬಂತು. ಉಗುರು ಊರಲು ಕಲ್ಲು ಬಿಡಲಿಲ್ಲ. ಕರಕರ ಅಂತ ಒಂದು ಕೆರೆತ, ಅಷ್ಟೇ.

ಏಳೂವರೆ ಅಡಿ. ಮಾಸ್ಟರ್ ಟಾವೆಲ್ ಬಿಚ್ಚುತ್ತಲೇ ಇದ್ದರು.

ಗಾಳಿಯಲ್ಲಿ ತಿರುಗಲು ಅದು ನೋಡಿತು. ಅರ್ಧ ತಿರುಗಿತು. ಮುಂಗಾಲು ಮತ್ತು ಗದ್ದ ಒಟ್ಟಿಗೆ ನೆಲಕ್ಕೆ ಬಡಿದು, ಮೈ ಹೊರಳಿ ಹಿಂಗಾಲು ಸೊಟ್ಟಗೆ ಬಿತ್ತು. ಸದ್ದು ದೊಡ್ಡದೇನಲ್ಲ, ಒದ್ದೆ ಅರಿವೆ ಬಿದ್ದ ಹಾಗೆ. ಎದ್ದು ಮೂರು ಕಾಲಲ್ಲಿ ಓಡಿ ದಿವಾನಿನ ಕೆಳಗೆ ಸೇರಿತು. ಟೈಲ್ಸ್ ಮೇಲೆ ಎರಡು ಹನಿ ರಕ್ತ.

ಹೆಲ್ಪರ್ ಹುಡುಗ ಕೈ ಹಾಕಿ ಎಳೆಯಲು ಹೋದ. ಮಾಸ್ಟರ್ ಗದರಿದರು. ದಿವಾನ್ ಮೆಲ್ಲಗೆ ಸರಿಸಿ, ಟಾವೆಲ್ ಮೇಲೆ ಹಾಕಿ, ಮೈ ಬಳುಕದ ಹಾಗೆ ಅಡಿಯಲ್ಲಿ ಅಂಗೈ ಕೊಟ್ಟು ಎತ್ತಿದರು. ಪಿಲ್ಲರಿನ ಬುಡಕ್ಕೆ ಹಾಕುವ ಬೇಸ್ ಕಪ್ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರು. ಅಷ್ಟರಲ್ಲಿ ಅಕ್ಕೋರು ಅಡುಗೆಮನೆಯಿಂದ ಜ್ವರದ ಗುಳಿಗೆ ತಂದಿದ್ದರು. ಕಾಲು ಭಾಗ ಹಾಲಿನಲ್ಲಿ ಅರೆದು ಕುಡಿಸಿದರೆ ನೋವು ತಗ್ಗೀತು ಅಂತ. ನನಗೂ ಅದು ಸರಿ ಅನಿಸಿತು. ಚಮಚ ಕೂಡ ನಾನೇ ಹುಡುಕಿ ಕೊಟ್ಟೆ.

ಪುಣ್ಯಕ್ಕೆ ಅವರು ಮೊದಲು ಪರಿಚಯದ ಡಾಕ್ಟರಿಗೆ ಫೋನ್ ಹಚ್ಚಿದರು. ಫೋನಿನಲ್ಲಿ ಬೈದದ್ದು ನಮ್ಮೆಲ್ಲರಿಗೂ ಕೇಳಿಸಿತು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಲಿವರ್ ಅದನ್ನು ಕರಗಿಸುವ ರೀತಿ ಬೆಕ್ಕಿನದು ಕರಗಿಸುವುದಿಲ್ಲ. ರಕ್ತ ಕೆಟ್ಟು ಉಸಿರು ಸಿಗದೆ ಹೋಗುತ್ತದೆ. ದೊಡ್ಡ ಬೆಕ್ಕನ್ನೇ ಒಂದು ಗುಳಿಗೆ ಕೊಲ್ಲಬಹುದು, ಇದು ಅಂಗೈ ಅಗಲದ ಮರಿ. ಬಿದ್ದು ಸಾಯದ ಮರಿ ನಮ್ಮ ಮಮತೆಗೆ ಸಾಯುತ್ತಿತ್ತು.

ಡಾಕ್ಟರು ಭಾನುವಾರ ಹುಬ್ಬಳ್ಳಿಯಲ್ಲಿ. 20 ಕಿಲೋಮೀಟರ್. ನಮ್ಮ ಗಾಡಿ ಚೋಟಾ ಹಾಥಿ, ಹಿಂದೆ ಉಳಿದ ಪೈಪುಗಳು ಖಣಖಣ. ಅಕ್ಕೋರು ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಪಕ್ಕದ ಲೇನಿನಲ್ಲಿ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸುಗಳು ಒಂದರ ಹಿಂದೆ ಒಂದು ನಮ್ಮನ್ನು ದಾಟಿ ಹೋಗುತ್ತಿದ್ದವು. ನವನಗರ ದಾಟುವವರೆಗೆ ಅವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಣಕಲ್ ಕೆರೆ ಹತ್ತಿರ ಬಂದಾಗ, "ಬೆಕ್ಕು ಎಲ್ಲಿಂದ ಬಿದ್ರೂ ಕಾಲ ಮ್ಯಾಲೆ ಬೀಳ್ತೇತಿ ಅಂತ ಎಲ್ಲಿ ಓದೀಪಾ?" ಅಂತ ಕೇಳಿದರು. ನಿಜವಾಗಿ ಕೇಳಿದ್ದು. 35 ವರ್ಷ ಪಾಠ ಮಾಡಿದವರ ದನಿ. ನಾನು ಗೇರ್ ಬದಲಿಸಿದೆ.

ಉತ್ತರ ಡಾಕ್ಟರು ಕೊಟ್ಟರು. ಗಾಳಿಯಲ್ಲಿ ಮೈ ತಿರುಗಿಸುವ ವಿದ್ಯೆ ಮರಿಗೆ ಹುಟ್ಟಿನಿಂದ ಪೂರ್ತಿ ಇರುವುದಿಲ್ಲವಂತೆ. ಮೂರು ನಾಲ್ಕನೇ ವಾರಕ್ಕೆ ಶುರುವಾಗಿ ಆರೇಳು ವಾರಕ್ಕೆ ಕೂಡಿ ಬರುತ್ತದೆ. ಅದೇ ಮೂರು ನಾಲ್ಕನೇ ವಾರಕ್ಕೆ ಅವು ನಡೆಯಲು, ಐದಕ್ಕೆ ಓಡಾಡಲು ಕಲಿತಿರುತ್ತವೆ. ಅಂದರೆ ಓಡಾಟ ಬಂದಿರುತ್ತದೆ, ಬೀಳುವುದು ಇನ್ನೂ ಬಂದಿರುವುದಿಲ್ಲ. ಇನ್ನು ಕಾಲ ಮೇಲೆಯೇ ಬಿದ್ದರೂ ಗದ್ದ, ಎದೆ ನೆಲಕ್ಕೆ ಬಡಿಯುತ್ತದೆ. ಹಾಗಾಗಿ ಮೊದಲು ಬಾಯಿ ತೆರೆದು ಅಂಗುಳ ಸೀಳಿದೆಯಾ ನೋಡಿದರು, ವಸಡಿನ ಬಣ್ಣ ನೋಡಿದರು, ಉಸಿರು ಎಣಿಸಿದರು. ತೂಕ 480 ಗ್ರಾಂ. ಎಕ್ಸ್‌ರೇಯಲ್ಲಿ ಹಿಂಗಾಲಿಗೆ ಕೂದಲೆಳೆಯಷ್ಟು ಬಿರುಕು. ಗದ್ದದ ಗಾಯ ಸಣ್ಣದು. ಮೂಗಿನ ರಕ್ತ ಆಗಲೇ ನಿಂತಿತ್ತು.

ಒಂದು ದಿನ ಕಣ್ಣಿಟ್ಟಿರಿ ಅಂದರು. ಬಾಯಿ ತೆರೆದು ಉಸಿರಾಡಿದರೆ, ವಸಡು ಬಿಳಿಚಿದರೆ, ಉಚ್ಚೆ ಹೊಯ್ಯದಿದ್ದರೆ ರಾತ್ರಿಯಾದರೂ ತನ್ನಿ. ಬಿದ್ದ ತಕ್ಷಣ ಆಟ ಆಡಿತು ಅಂತ ಬಿಟ್ಟುಬಿಡಬೇಡಿ, ಒಳಗಿನ ಪೆಟ್ಟು ತಡವಾಗಿ ತೋರುತ್ತದೆ. ಮತ್ತೆ ಕೆಲವು ವಾರ ಸಣ್ಣ ಪಂಜರದಲ್ಲಿ ವಿಶ್ರಾಂತಿ. ಪಂಜರ ಮಾಡಿದ್ದು ನಾನೇ, ಶೆಡ್ಡಿನ ಸ್ಕ್ರ್ಯಾಪ್‌ನಿಂದ. ಮಾಲಕರು ಅದನ್ನೂ ತೂಕ ಹಾಕಿ ಬರೆದುಕೊಂಡರು.

ಕೆಂಪು ಪೆನ್ನಿನ ಹಾಳೆ ಬಂದದ್ದು ಮರುದಿನ. 5 ಇಂಚು ಅನ್ನುವುದಕ್ಕೆ ಸುತ್ತು. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಅದರ ಜೊತೆಗೆ ಅವರು ನನ್ನ ಮುಂದೆ ಒಂದು ಸ್ಟೀಲ್ ವಾಟಗಾ ಇಟ್ಟರು, ಚಹಾ ಕುಡಿಯುವ ಸಣ್ಣ ಲೋಟ. "ಈ ವಾಟಗಾ ಯಾವ ಸಂದ್ಯಾಗ ಹಾಯ್ತೇತಿ, ಅಲ್ಲಿ ಮರಿ ಹಾಯ್ತೇತಿ. ಟೇಪ್ ಹಿಡಿಬ್ಯಾಡ. ಇದನ್ನ ಹಿಡಿ." ಟೇಪ್ ಹಿಡಿದು ನೋಡಿದೆ ಅನ್ನಿ, ಚಟ ಬಿಡುವುದಿಲ್ಲ. ಅಡ್ಡಗಲ ಬರೋಬ್ಬರಿ ಎರಡಿಂಚು. ಬಾಗಿಲ ಸಂದಿಯಷ್ಟೇ.

ನಮ್ಮ ಧಂದೆಯಲ್ಲಿ ಸಂದಿ ಅಂದರೆ ಕೂಸಿನ ತಲೆ. ನಾಲ್ಕಿಂಚು ದಾಟಬಾರದು ಅಂತ ಒಳ್ಳೆಯ ಎಂಜಿನಿಯರುಗಳು ಹೇಳುತ್ತಾರೆ, ನಾವು ಐದು ಇಟ್ಟು ದಾಟಿಸುತ್ತೇವೆ. ಮೇಲಾಗಿ ಅಡ್ಡ ಪೈಪು ಮಕ್ಕಳಿಗೆ ಏಣಿ. ಅದು ಗೊತ್ತಿದ್ದೂ ಅದೇ ಡಿಸೈನ್. ಈಗ ಎರಡಿಂಚಿಗೆ ಪೈಪು ಹೆಚ್ಚಿಸಿದರೆ ಜೈಲಿನ ಹಾಗೆ ಕಾಣುತ್ತದೆ, ಖರ್ಚೂ ಎರಡು ಪಟ್ಟು. ಜಾಳಿಗೆ ಕಟ್ಟೋಣ ಅಂದೆ. ಮಾಸ್ಟರ್ ನಕ್ಕರು. ಉಗುರು ಸಿಗಿಸಿ ಜಾಳಿಗೆ ಹತ್ತಿ ಟಾಪ್ ಪೈಪಿನಿಂದ ಬೀಳುತ್ತಾವೆ, ಇನ್ನೂ ಮೂರು ಅಡಿ ಮೇಲಿಂದ. ನುಣುಪಾದದ್ದೇ ಬೇಕು. 3 ಎಂಎಂ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟನ್ನು ಎರಡಡಿ ಎತ್ತರಕ್ಕೆ ಕತ್ತರಿಸಿ ಪಿಲ್ಲರಿಗೆ ಕೇಬಲ್ ಟೈ ಹಾಕಿದೆವು. ಮೊದಲ ಸಲ ಒಳಗಡೆ ಕಟ್ಟಿದ್ದೆ. ಮೆಟ್ಟಿಲು ಹಲ್ಲಿನ ಹಾಗೆ, ಶೀಟಿನ ಅಂಚು ನೇರ. ಒಂದೊಂದು ಮೆಟ್ಟಿಲಲ್ಲೂ ಮೂರು ಮೂಲೆಯ ಸಂದಿ ಉಳಿಯಿತು. ವಾಟಗಾ ಆರಾಮ ಹಾಯ್ದುಹೋಯಿತು. ಬಿಚ್ಚಿ ಹೊರಗಡೆ ಕಟ್ಟಿ, ಮೆಟ್ಟಿಲಿನ ಅಂಚಿಗಿಂತ ಕೆಳಕ್ಕೆ ಇಳಿಬಿಟ್ಟ ಮೇಲೆ ಸರಿಯಾಯಿತು.

ಮೇಲಿನ ತುದಿಗೆ ಚಾನಲ್ ಹೊಡೆದು ಎರಡಡಿಯ ಪ್ಲೈ ಹಲಗೆ, ಮೇಲಕ್ಕೆ ಎಳೆದರೆ ಬರುವ ಹಾಗೆ. ಮೈಕಾ ಇರುವ ಮೈ ಮರಿಗಳ ಕಡೆಗೆ. ಕಲ್ಲಿನ ಜಾರಿಕೆಗೆ ಅಕ್ಕೋರು ಹಳೆ ಕೌದಿ ಹಾಸಿದ್ದರು. ಅದು ಬೇಡ ಅಂತ ಜಗಳವಾಡಿ ತೆಗೆಸಿದೆ. ಮರಿ ಉಳಿದು ಅಕ್ಕೋರು ಜಾರಿದರೆ? ಒಂದೊಂದು ಮೆಟ್ಟಿಲಿಗೂ ಅಂಟಿಸುವ ಖರ್ಖರೆ ಪಟ್ಟಿ ಹಾಕಿದೆವು. ಇನ್ನೊಂದು, ರಾತ್ರಿ ಕರೆಂಟ್ ಹೋದಾಗ ಮೆಟ್ಟಿಲ ಮೇಲೆ ಮಲಗಿದ ಮರಿಯನ್ನು ತುಳಿಯುವ ಭಯ, ತುಳಿಯಬಾರದು ಅಂತ ತಾವೇ ಉರುಳುವ ಭಯ. ಅದಕ್ಕೆ ನಾಲ್ಕನೇ, ಹನ್ನೆರಡನೇ ಮೆಟ್ಟಿಲಿಗೆ ಬ್ಯಾಟರಿ ದೀಪ.

ಮರಿಗಳನ್ನು ಕೆಳಗಿನ ಎರಡು ಮೆಟ್ಟಿಲಲ್ಲಿ ಆಡಲು ಬಿಡಿ ಅಂತ ಡಾಕ್ಟರು ಹೇಳಿದ್ದರು. ಹತ್ತುವುದು ಬೇಗ ಬರುತ್ತದೆ, ಇಳಿಯುವುದು ತಡ. ಉಗುರಿನ ಕೊಕ್ಕೆ ಹಿಂದಕ್ಕೆ ಬಾಗಿರುತ್ತದಲ್ಲ, ಮೇಲೆ ಹೋಗುವಾಗ ಹಿಡಿಯುತ್ತದೆ, ತಲೆ ಕೆಳಗಾಗಿ ಬರುವಾಗ ಹಿಡಿಯುವುದಿಲ್ಲ. ಅದಕ್ಕೇ ಹೋದವು ಸಿಕ್ಕಿಹಾಕಿಕೊಂಡು ಕೂಗುತ್ತವೆ.

ಶೀಟಿನ ದುಡ್ಡು ನನ್ನ ಪಗಾರದಲ್ಲಿ ಹೋಯಿತು. "ಇವತ್ತು ಬೆಕ್ಕಿಗೆ ಶೀಟ್ ಹಾಕಿದ್ರ ನಾಳೆ ಇಲಿಗೂ ಹಾಕಂತಾರ" ಅಂದರು ಮಾಲಕರು. ಮೆಜರ್‌ಮೆಂಟ್ ಫಾರ್ಮಿನಲ್ಲಿ "ಮನೆಯಲ್ಲಿ ಯಾರಿದ್ದಾರೆ" ಅಂತ ಒಂದು ಕಾಲಂ ಸೇರಿಸಿ ಅಂತ ಕೇಳಿದೆ. ಕೂಸು, ಮುದುಕರು, ಬೆಕ್ಕು, ನಾಯಿ. ಫಾರ್ಮ್ ಆಗಲೇ ಸಾವಿರ ಪ್ರಿಂಟ್ ಆಗಿದೆಯಂತೆ. ಉದ್ದ ವಾಯರ್ ಮಾತ್ರ ಬಂತು, ಅದೂ ಅರ್ಧ ನನ್ನ ದುಡ್ಡಿನಲ್ಲಿ. ಕಾಲಂ ಇಲ್ಲದ್ದಕ್ಕೆ ಹಾಳೆಯ ಮೂಲೆಯಲ್ಲಿ ಪೆನ್ನಿನಿಂದ ನಾನೇ ಬರೆಯುತ್ತೇನೆ.

ಬೂದಿ ಮರಿ ಈಗ ದೊಡ್ಡದಾಗಿದೆ. ಅಕ್ಕೋರು ಅದಕ್ಕೆ ಗ್ರೈಂಡರ್ ಅಂತ ಹೆಸರಿಟ್ಟಿದ್ದಾರೆ, ನಿದ್ದೆಯಲ್ಲಿ ಗುರುಗುಟ್ಟುವ ಸದ್ದಿಗಂತೆ. ನನಗೆ ಹಾಗೆ ಅನಿಸುವುದಿಲ್ಲ. ಕೊನೆಯ ಬಿಲ್ ತರಲು ಹೋದಾಗ ಅದು ಟಾಪ್ ಪೈಪಿನ ಮೇಲೆ, ಎರಡಿಂಚಿನ ಅಗಲದಲ್ಲಿ, ಬಾಲ ಇಳಿಬಿಟ್ಟು ಕೂತಿತ್ತು. ನನ್ನ ಶೂ ಸದ್ದಿಗೆ ಎದ್ದು ಹೋಯಿತು.

ವಾಟಗಾ ನನ್ನ ಟೂಲ್ ಬ್ಯಾಗಿನಲ್ಲೇ ಉಳಿಯಿತು, ವಾಪಸ್ ಕೇಳಲಿಲ್ಲ ಅವರು. ಹೆಲ್ಪರ್ ಹುಡುಗ ಅದರಲ್ಲಿ ಚಹಾ ಕುಡಿದು ತೊಳೆಯದೆ ಇಡುತ್ತಾನೆ. ಮೊನ್ನೆ ಗದಗದ ಸೈಟಿನಲ್ಲಿ ಸಂದಿಗೆ ಹಿಡಿದಾಗ ಗಿರಾಕಿಯ ಹೊಸ ಪೈಪಿಗೆಲ್ಲ ಚಹಾದ ಕಲೆ.