ಕೊಲೆಗಾರ ಯಾರೆಂದು ಮೊದಲೇ ಹೇಳಿಬಿಡುವ ಸಿನಿಮಾ

ಮಾರ್ಟಿನ್ ಸ್ಕೋರ್ಸೆಸೆ ನಿರ್ದೇಶನದ ‘ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್’ ತೆರೆಕಂಡದ್ದು 2023ರ ಅಕ್ಟೋಬರ್‌ನಲ್ಲಿ. ಅದನ್ನು ನೋಡಿದ ಇಬ್ಬರು ಇಂದಿಗೂ ಒಂದೆಡೆ ಸೇರಿದರೆ ಮಾತು ಮೊದಲು ಹೊರಳುವುದು ಅದರ ಉದ್ದದ ಕಡೆಗೆ: 206 ನಿಮಿಷ. ಒಬ್ಬರಿಗೆ ಅದು ತಾಳ್ಮೆಯ ಪರೀಕ್ಷೆಯಾದರೆ ಇನ್ನೊಬ್ಬರಿಗೆ ಒಂದು ನಿಮಿಷವೂ ಹೆಚ್ಚಲ್ಲ. ಮೊದಲ ಸಲ ನೋಡಿದಾಗ ನಾನೂ ಬೇಸರಪಟ್ಟವರ ಪಾಳಯದಲ್ಲೇ ಇದ್ದೆ. ಕಳೆದ ವಾರ ಎರಡನೆಯ ಸಲ ನೋಡಿದ ಮೇಲೆ, ಉದ್ದದ ಬಗೆಗಿನ ಈ ಜಗಳ ವಾಸ್ತವವಾಗಿ ಬೇರೊಂದು ಜಗಳ ಎನ್ನಿಸತೊಡಗಿದೆ. ಈ ಕಥೆಯನ್ನು ಯಾರ ಪಕ್ಕದಲ್ಲಿ ಕುಳಿತು ನೋಡಬೇಕಿತ್ತು ಎಂಬುದೇ ಆ ಜಗಳ.

ಕಥೆಯ ನೆಲ ಅಮೆರಿಕದ ಒಕ್ಲಹಾಮಾ. ತಮ್ಮ ಮೂಲ ನೆಲೆಗಳಿಂದ ಮತ್ತೆ ಮತ್ತೆ ಎತ್ತಂಗಡಿಯಾಗಿ, ಬಿಳಿಯರಿಗೆ ಬೇಡವಾದ ಕಲ್ಲುನೆಲವೊಂದನ್ನು ಕೊಂಡು ನೆಲೆನಿಂತ ಒಸೇಜ್ ಎಂಬ ಮೂಲನಿವಾಸಿ ಜನರ ಕಾಲಡಿಯಲ್ಲಿಯೇ ತೈಲವಿತ್ತು. 1906ರ ಕಾಯ್ದೆಯಲ್ಲಿ ಭೂಮಿ ಹಂಚಿಹೋದರೂ, ನೆಲದಡಿಯ ಖನಿಜದ ಹಕ್ಕನ್ನು ಇಡೀ ಸಮುದಾಯದ ಸೊತ್ತಾಗಿ ಉಳಿಸಿಕೊಳ್ಳುವ ದೂರದೃಷ್ಟಿಯನ್ನು ಅವರ ಮುಖಂಡರು ತೋರಿದ್ದರು. ಪಟ್ಟಿಯಲ್ಲಿದ್ದ 2,229 ಮಂದಿಗೆ ತಲಾ ಒಂದು ‘ಹೆಡ್‌ರೈಟ್’, ಅಂದರೆ ತೈಲದ ಆದಾಯದಲ್ಲಿ ಸಮಪಾಲು ದಕ್ಕಿತು. 1923ರ ಒಂದೇ ವರ್ಷದಲ್ಲಿ ಈ ಬಾಬ್ತಿನಿಂದ ಬಂದ ಹಣ 3 ಕೋಟಿ ಡಾಲರ್‌ಗೂ ಹೆಚ್ಚು. ಈ ಪಾಲನ್ನು ಮಾರುವಂತಿರಲಿಲ್ಲ, ಆದರೆ ವಾರಸುದಾರರಾಗಿ ಪಡೆಯಬಹುದಿತ್ತು. ಪಾತಕದ ಬೀಜವಿರುವುದು ಈ ಷರತ್ತಿನಲ್ಲಿ. ಕೊಳ್ಳಲಾಗದ್ದನ್ನು ಮದುವೆಯಾಗಿ ಪಡೆಯಬಹುದು, ಮದುವೆಯಾದ ಮೇಲೆ ಸಾವಿಗೆ ಕಾಯಬಹುದು, ಕಾಯುವ ವ್ಯವಧಾನವಿಲ್ಲದಿದ್ದರೆ ಕೊಲ್ಲಲೂಬಹುದು.

ಮಾಲಿ ಎಂಬ ಒಸೇಜ್ ಹೆಣ್ಣುಮಗಳ ಅಕ್ಕ ಆ್ಯನಾಳ ಶವ 1921ರ ಮೇ ತಿಂಗಳಲ್ಲಿ ಕಣಿವೆಯೊಂದರಲ್ಲಿ ಸಿಕ್ಕಿತು. ಕೆಲವೇ ವಾರಗಳಲ್ಲಿ ತಾಯಿ ಲಿಜ್ಜಿ ತೀರಿಕೊಂಡಳು. 1923ರ ಮಾರ್ಚ್‌ನಲ್ಲಿ ಇನ್ನೊಬ್ಬ ಸೋದರಿ ರೀಟಾಳ ಮನೆಯನ್ನೇ ಸಿಡಿಮದ್ದಿಟ್ಟು ಉಡಾಯಿಸಲಾಯಿತು. ಈ ಕೊಲೆಗಳ ಹಿಂದಿದ್ದವನು ಒಸೇಜ್ ಜನರ ಮಿತ್ರನೆಂದೇ ಹೆಸರು ಮಾಡಿದ್ದ ದನಗಾಹಿ ಸಾಹುಕಾರ ವಿಲಿಯಂ ಹೇಲ್. ಕೈಜೋಡಿಸಿದವರಲ್ಲಿ ಒಬ್ಬ ಅವನ ಸೋದರಳಿಯ, ಮಾಲಿಯ ಗಂಡನೇ ಆದ ಅರ್ನೆಸ್ಟ್ ಬರ್ಕ್‌ಹಾರ್ಟ್.

ಇಷ್ಟನ್ನು ಹೇಳಿ ನಾನು ಯಾರ ಕುತೂಹಲವನ್ನೂ ಹಾಳುಮಾಡಲಿಲ್ಲ, ಏಕೆಂದರೆ ಸಿನಿಮಾವೇ ಇದನ್ನು ಬಚ್ಚಿಡುವುದಿಲ್ಲ. ಮೊದಲ ದೊಡ್ಡ ತಕರಾರು ಇರುವುದೂ ಇಲ್ಲಿಯೇ. ಚಿತ್ರಕ್ಕೆ ಆಧಾರವಾದ ಡೇವಿಡ್ ಗ್ರ್ಯಾನ್ ಅವರ 2017ರ ಪುಸ್ತಕ ಪತ್ತೇದಾರಿಯ ಹದವನ್ನು ಕಾಯ್ದುಕೊಂಡು ಸಾಗುತ್ತದೆ. ತನಿಖಾಧಿಕಾರಿ ಟಾಮ್ ವೈಟ್ ಜೊತೆಗೆ ನಾವೂ ಸುಳಿವುಗಳನ್ನು ಹೆಕ್ಕುತ್ತಾ ಹೋಗುತ್ತೇವೆ. ಚಿತ್ರಕಥೆಯ ಮೊದಲ ಕರಡೂ ಹಾಗೆಯೇ ಇತ್ತು. ಆಗ ಲಿಯೊನಾರ್ಡೊ ಡಿಕಾಪ್ರಿಯೊ ಮಾಡಬೇಕಿದ್ದದ್ದು ಆ ಅಧಿಕಾರಿಯ ಪಾತ್ರವನ್ನು. ಅನಂತರ ಇಡೀ ಕಥೆಯನ್ನು ತಿರುವಿಹಾಕಿ ಅವರಿಗೆ ಅರ್ನೆಸ್ಟ್‌ನ ಪಾತ್ರ ಕೊಡಲಾಯಿತು. ಸಿದ್ಧವಾದ ಚಿತ್ರದಲ್ಲಿ ಟಾಮ್ ವೈಟ್ ಬಾಗಿಲು ತಟ್ಟುವ ಹೊತ್ತಿಗೆ ಸುಮಾರು ಎರಡು ಗಂಟೆ ಕಳೆದಿರುತ್ತದೆ. ‘ಎಲ್ಲ ಮೊದಲೇ ಗೊತ್ತಾದ ಮೇಲೆ ಇಷ್ಟು ಹೊತ್ತು ಕೂರುವುದೇಕೆ’ ಎಂದು ಕೇಳುವವರನ್ನು ದೂರಲಾರೆ. ಅವರಿಗೆ ಬೇಕಾದ ಸಿನಿಮಾ ಒಂದು ಕಾಲದಲ್ಲಿ ಕಾಗದದ ಮೇಲೆ ಇದ್ದದ್ದೇ.

ಆದರೂ ಈ ಬದಲಾವಣೆ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಆರಂಭದಲ್ಲಿ ಅರ್ನೆಸ್ಟ್ ಒಸೇಜ್ ಚರಿತ್ರೆಯ ಮಕ್ಕಳ ಪುಸ್ತಕದಂಥದ್ದೊಂದನ್ನು ಹಿಡಿದು, ತಡವರಿಸುತ್ತಾ ಓದುತ್ತಾನೆ. ಇಲ್ಲಿ ಬಿಡಿಸಿದ ಚಿತ್ರದಲ್ಲಿ ತೋಳಗಳು ಎಲ್ಲಿವೆ ಎಂದು ಆ ಪುಟ ಅವನನ್ನು ಕೇಳುತ್ತದೆ. ತೋಳವೇ ಕುಳಿತು ಆ ಪ್ರಶ್ನೆಯನ್ನು ಓದುತ್ತಿದೆ, ಅದಕ್ಕೆ ಅದು ತಿಳಿದೂ ಇಲ್ಲ. ಅಲ್ಲಿಂದ ಮುಂದೆ ನಮಗೆ ಹುಡುಕುವ ಕೆಲಸ ಉಳಿಯುವುದಿಲ್ಲ. ಊರಿನ ವೈದ್ಯರು, ವಕೀಲರು, ಹೆಣದ ಪೆಟ್ಟಿಗೆಗೆ ದುಪ್ಪಟ್ಟು ಬೆಲೆ ಹೇಳುವವರು ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುದನ್ನು ನೋಡುತ್ತಾ ಕೂರುವ ಕೆಲಸವಷ್ಟೇ ಉಳಿಯುತ್ತದೆ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಒಬ್ಬನಿರುತ್ತಾನೆ, ಅವನು ಸಿಕ್ಕಿಬಿದ್ದರೆ ಉಳಿದವರು ನಿರಪರಾಧಿಗಳಾಗಿ ಮನೆಗೆ ಹೋಗುತ್ತಾರೆ. ಇಲ್ಲಿ ಹಾಗೆ ಹೋಗಬಹುದಾದ ಮನೆಗಳು ಹೆಚ್ಚಿಲ್ಲ.

ಉದ್ದದ ದೂರನ್ನು ನಾನು ಒಪ್ಪುವುದು ಕೊನೆಯ ಭಾಗದಲ್ಲಿ ಮಾತ್ರ. ನ್ಯಾಯಾಲಯದ ದೃಶ್ಯಗಳು ಬಂದ ಮೇಲೆ ಚಿತ್ರ ತನ್ನ ಉಸಿರನ್ನು ಕಳೆದುಕೊಳ್ಳುತ್ತದೆ. ಹೇಲ್‌ನ ವಕೀಲನಾಗಿ ಬ್ರೆಂಡನ್ ಫ್ರೇಸರ್ ಅರಚುವುದು ಬೇರೆ ಯಾವುದೋ ಚಿತ್ರದಿಂದ ಕೇಳಿಬಂದ ಸದ್ದಿನಂತಿದೆ. (ಆ ಅಬ್ಬರ ಬೇಕೆಂದೇ ಇಟ್ಟದ್ದು ಎಂದು ವಾದಿಸುವ ಗೆಳೆಯರೊಬ್ಬರು ನನಗಿದ್ದಾರೆ, ಅವರಿನ್ನೂ ನನ್ನನ್ನು ಒಪ್ಪಿಸಿಲ್ಲ.) ಡಿಕಾಪ್ರಿಯೊ ಇಡೀ ಚಿತ್ರದುದ್ದಕ್ಕೂ ತುಟಿಯ ಅಂಚುಗಳನ್ನು ಕೆಳಗೆಳೆದುಕೊಂಡೇ ಇರುವುದು, ಯುದ್ಧದಿಂದ ಮರಳಿದ ತರುಣನ ಪಾತ್ರಕ್ಕೆ ಅವರ ವಯಸ್ಸು ಮೀರಿರುವುದು, ಇವೆಲ್ಲವೂ ಹಲವರಿಗೆ ಕಿರಿಕಿರಿಯಾಗಿವೆ. ನನಗೆ ಅಷ್ಟಾಗಿ ಕಾಡಲಿಲ್ಲ.

ನಿಜವಾಗಿ ಕಾಡುವ ಆಕ್ಷೇಪ ಮಾಲಿಯ ಪಾತ್ರದ ಕುರಿತಾದದ್ದು. ಲಿಲಿ ಗ್ಲ್ಯಾಡ್‌ಸ್ಟೋನ್ ಈ ಪಾತ್ರವನ್ನು ಎಷ್ಟು ಕಡಿಮೆ ಚಲನೆಯಲ್ಲಿ ಕಟ್ಟಿದ್ದಾರೆಂದರೆ, ಆಕೆ ತೆರೆಯ ಮೇಲಿರುವಾಗ ಉಳಿದವರೆಲ್ಲ ಅತಿಯಾಗಿ ನಟಿಸುತ್ತಿರುವಂತೆ ಕಾಣುತ್ತದೆ. ತನ್ನದೇ ಹಣವನ್ನು ಪಡೆಯಲು ಮಾಲಿ ಬಿಳಿಯ ಪೋಷಕನ ಮುಂದೆ ಕುಳಿತು, ಹೆಸರಿನ ಜೊತೆಗೆ ತಾನು ‘ಅಸಮರ್ಥಳು’ ಎಂದೂ ಹೇಳಿಕೊಳ್ಳುತ್ತಾಳೆ. ಒಸೇಜ್ ಜನ ತಮ್ಮ ಹಣವನ್ನು ತಾವೇ ನಿಭಾಯಿಸಲಾರರೆಂದು ಅವರ ಮೇಲೆ ಪೋಷಕರನ್ನು ಹೇರಿದ್ದ ಕಾಲವದು. ಆ ಮಾತನ್ನು ಆಕೆ ಅಳುತ್ತಲೂ ಹೇಳುವುದಿಲ್ಲ, ಸಿಟ್ಟಿನಿಂದಲೂ ಹೇಳುವುದಿಲ್ಲ. ನಮೂನೆ ತುಂಬುವಾಗ ವಿಳಾಸ ಹೇಳುವಂತೆ ಹೇಳಿ ಮುಗಿಸುತ್ತಾಳೆ. ಮಳೆ ಬಂದಾಗ ಸುಮ್ಮನೆ ಕೂರಬೇಕೆಂದು ಗಂಡನಾಗಲಿರುವವನಿಗೆ ಕಲಿಸುವವಳೂ ಆಕೆಯೇ. ಇಂಥ ಹೆಂಗಸನ್ನು ಚಿತ್ರ ನಡುವಿನಲ್ಲಿ ಹಾಸಿಗೆಗೆ ಕಳಿಸಿ, ಗಂಡ ಕೊಡುವ ವಿಷ ಬೆರೆತ ಇನ್ಸುಲಿನ್ ಚುಚ್ಚುಮದ್ದಿನ ಕೆಳಗೆ ಬೆವರುತ್ತಾ ಮಲಗಿಸಿಬಿಡುತ್ತದೆ. ಕಥೆ ಗಂಡಸರ ಗುಸುಗುಸುವಿನ ಜೊತೆ ಮುಂದೆ ಹೋಗುತ್ತದೆ. ಚಿತ್ರದ ಭಾಷಾ ಸಲಹೆಗಾರರಾಗಿ ದುಡಿದ ಒಸೇಜ್ ಸಮುದಾಯದವರೊಬ್ಬರೇ, ಇದು ಮಾಲಿಯ ಕಣ್ಣಿನಿಂದ ಹೇಳಿದ ಕಥೆಯಾಗಬೇಕಿತ್ತು, ಆದರೆ ಅದಕ್ಕೆ ಒಸೇಜ್ ನಿರ್ದೇಶಕರೇ ಬೇಕಾಗುತ್ತಿತ್ತು ಎಂಬ ಅರ್ಥದ ಮಾತನ್ನು ಬಹಿರಂಗವಾಗಿ ಆಡಿದ್ದರು. ತಮ್ಮ ಭಾಷೆಯನ್ನೂ ಉಡುಪನ್ನೂ ಇಷ್ಟು ಅಕ್ಕರೆಯಿಂದ ತೆರೆಗೆ ತಂದದ್ದಕ್ಕೆ ಮೆಚ್ಚುಗೆ ಸೂಚಿಸಿದವರೂ ಅದೇ ಸಮುದಾಯದಲ್ಲಿದ್ದಾರೆ. ಎರಡೂ ಮಾತು ಏಕಕಾಲಕ್ಕೆ ನಿಜವಾಗಿರುವುದರಿಂದಲೇ ಈ ಚರ್ಚೆ ಬಗೆಹರಿಯುತ್ತಿಲ್ಲ.

ಸ್ಕೋರ್ಸೆಸೆಗೆ ಈ ಕೊರತೆ ತಿಳಿಯದೆ ಇರಲಿಲ್ಲ ಎಂಬುದಕ್ಕೆ ಮುಕ್ತಾಯವೇ ಸಾಕ್ಷಿ. ಕೊಲೆಗಳ ಕಥೆ ಇದ್ದಕ್ಕಿದ್ದಂತೆ ಹಳೆಯ ರೇಡಿಯೋ ನಾಟಕವಾಗಿ, ಸಿಗರೇಟು ಕಂಪನಿಯ ಪ್ರಾಯೋಜಕತ್ವದಲ್ಲಿ, ಬಿಳಿಯ ಪ್ರೇಕ್ಷಕರ ಮುಂದೆ ಸದ್ದಿನ ಕಸರತ್ತುಗಳೊಂದಿಗೆ ಮುಗಿಯುತ್ತದೆ. ಆಮೇಲೆ ನಿರ್ದೇಶಕರೇ ವೇದಿಕೆಗೆ ಬಂದು 1937ರಲ್ಲಿ ತೀರಿಕೊಂಡ ಮಾಲಿಯ ಮರಣವಾರ್ತೆಯನ್ನು ಓದಿ, ಅದರಲ್ಲಿ ಕೊಲೆಗಳ ಪ್ರಸ್ತಾಪವೇ ಇರಲಿಲ್ಲವೆಂದು ಹೇಳುತ್ತಾರೆ. ಕೆಲವರಿಗೆ ಇದು ಗಂಭೀರ ಕಥೆಯ ತುದಿಯಲ್ಲಿ ಕಟ್ಟಿದ ತಮಾಷೆಯ ಬಾಲದಂತೆ ಕಂಡಿತು. ನನಗೆ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು: ಇವರ ಸಾವನ್ನು ಮನರಂಜನೆ ಮಾಡಿ ಮಾರಿದವರ ಸಾಲಿನಲ್ಲಿ ನಾನೂ ಇದ್ದೇನೆ ಎಂಬಂತೆ. ಆದರೆ ತಪ್ಪೊಪ್ಪಿಕೊಂಡ ಮಾತ್ರಕ್ಕೆ ತಪ್ಪು ಸರಿಹೋಗುವುದಿಲ್ಲ. ಚಿತ್ರವನ್ನು ಮೆಚ್ಚುವ ನನ್ನಂಥವರು ಈ ಮುಕ್ತಾಯವನ್ನು ಎಲ್ಲ ಆಕ್ಷೇಪಗಳಿಗೂ ಉತ್ತರವೆಂಬಂತೆ ಮುಂದೊಡ್ಡುವುದು ಸ್ವಲ್ಪ ಸುಲಭದ ದಾರಿಯೇ ಸರಿ.

ಎರಡನೆಯ ಸಲ ನೋಡುವಾಗ ನಾನು ಗಮನಿಸಿದ್ದು ಇನ್ನೊಂದು ಸಂಗತಿಯನ್ನು. ಕಾಯಿಲೆಯ ಮೈಯಲ್ಲಿಯೇ ಮಾಲಿ ವಾಷಿಂಗ್ಟನ್‌ಗೆ ಹೋಗಿ, ತನ್ನ ಜನರನ್ನು ಕೊಲ್ಲಲಾಗುತ್ತಿದೆ ಎಂದು ಅಧ್ಯಕ್ಷ ಕೂಲಿಡ್ಜ್ ಅವರ ಎದುರು ನಿಂತು ಹೇಳುತ್ತಾಳೆ. ಹೊರಡುವ ಮುನ್ನ ಆಕೆ ಯಾರ ಮಾತಿಗೆ ಕಿವಿಗೊಟ್ಟಳು, ರೈಲಿನಲ್ಲಿ ಏನು ಯೋಚಿಸಿದಳು, ಪಕ್ಕದಲ್ಲಿ ಮಲಗುವ ಗಂಡನನ್ನು ಆ ಹೊತ್ತಿಗೆ ಎಷ್ಟು ನಂಬಿದ್ದಳು ಎಂಬುದೊಂದೂ ನಮಗೆ ಸಿಗುವುದಿಲ್ಲ. 206 ನಿಮಿಷಗಳ ಚಿತ್ರದಲ್ಲಿ ಆ ಪ್ರಯಾಣ ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ.