ಏಲರಾನ್ ಯಾಕೆ ನೇರವಾಗಿದೆ?

12 ಮಾರ್ಚ್ 2024, ಮಂಗಳವಾರ

ನಾನು ಬರೆಯುತ್ತಿರುವ ಮಿಗ್-21 ಫೈಟರ್ ವಿಮಾನದ ಚಿತ್ರ ಇವತ್ತೂ ಮುಗಿಯಲಿಲ್ಲ. ವಿಮಾನ ಆಗಿದೆ, ಆಕಾಶ ಬಾಕಿ.

ಮಧ್ಯಾಹ್ನ ಚಿತ್ರಕಲೆ ಓದುತ್ತಿರುವ ಹುಡುಗನೊಬ್ಬ ಬಂದಿದ್ದ. ಕ್ಯಾನ್ವಾಸನ್ನು ತುಂಬಾ ಹೊತ್ತು ನೋಡಿ, "ಸರ್, ವಿಮಾನ ಎಡಕ್ಕೆ ತಿರುಗ್ತಾ ಇದೆ, ಏಲರಾನ್ ಮಾತ್ರ ನೇರವಾಗಿದೆಯಲ್ಲಾ?" ಅಂದ. ಒಳ್ಳೆಯ ಪ್ರಶ್ನೆ. ಏಲರಾನ್ ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ಮೇಲೆ-ಕೆಳಗೆ ಆಡುವ ಪಟ್ಟಿ. ವಿಮಾನವನ್ನು ಎಡಕ್ಕೆ ವಾಲಿಸುವಾಗ ಸ್ಟಿಕ್, ಅಂದರೆ ಪೈಲಟ್ ಕೈಯಲ್ಲಿರುವ ಹಿಡಿಕೆ, ಎಡಕ್ಕೆ ಹೋಗುತ್ತದೆ. ಎಡ ಏಲರಾನ್ ಮೇಲೆ, ಬಲದ್ದು ಕೆಳಗೆ. ಬೇಕಾದಷ್ಟು ವಾಲಿದ ಮೇಲೆ ಸ್ಟಿಕ್ ಹೆಚ್ಚುಕಡಿಮೆ ಮಧ್ಯಕ್ಕೆ ಬರುತ್ತದೆ, ಏಲರಾನ್ ನೇರವಾಗುತ್ತದೆ. ಆಮೇಲೆ ತಿರುಗಲು ಸ್ಟಿಕ್ ಹಿಂದಕ್ಕೆ ಎಳೆಯುವುದೇ ಕೆಲಸ. ಮಿಗ್-21ರಲ್ಲಿ ಬಾಲದ ಅಡ್ಡರೆಕ್ಕೆ ಇಡಿಯಾಗಿ ತಿರುಗುತ್ತದೆ. ಎಳೆದಾಗ ಅದರ ಮುಂದಿನ ಅಂಚು ಕೆಳಗಿಳಿಯುತ್ತದೆ, ಹಿಂದಿನದು ಏಳುತ್ತದೆ. ನಾನು ಬರೆದಿರುವುದು ಅದನ್ನೇ. ಒಳಗಿರುವವನ ಕೈ ಏನು ಮಾಡುತ್ತಿದೆ ಅನ್ನೋದು ಹೊರಗೆ ಕಾಣಬೇಕು, ಅಲ್ವಾ? ರಿವೆಟ್ ಎಣಿಸಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಆದರೆ ಬಣ್ಣದ ವಿಷಯದಲ್ಲಿ ಹಿಂದೆ ಫೈಟರ್ ಹಾರಿಸಿದ ನನ್ನ ಅನುಭವ ಜಾಸ್ತಿ ನೆರವಿಗೆ ಬರಲ್ಲ. ಆಗ ಆಕಾಶ ನೋಡುತ್ತಿದ್ದದ್ದು ಬೇರೆ ವಿಮಾನ ಇದೆಯಾ, ಮೋಡ ಎಷ್ಟು ಎತ್ತರಕ್ಕಿದೆ ಅಂತ. ಅದು ಯಾವ ನೀಲಿ ಎಂದು ಯಾರು ಕೇಳುತ್ತಿದ್ದರು? ಈಗ ನೆನಪನ್ನು ಕೆದಕಬೇಕು. ನಲವತ್ತು ಸಾವಿರ ಅಡಿಯಲ್ಲಿ ನೆತ್ತಿಯ ಮೇಲೆ ಕಡುನೀಲಿ, ದಿಗಂತದ ಹತ್ತಿರ ಬಿಳಿಚು. ಕೆಳಗೆ ಮೋಡ ಹಾಸಿದ್ದರೆ ಬೆಳಕು ಅಲ್ಲಿಂದಲೂ ಮೇಲಕ್ಕೆ ಬರುತ್ತದೆ. ಹಾಗಾಗಿ ವಿಮಾನದ ಹೊಟ್ಟೆ ಕಪ್ಪಾಗಿರುವುದಿಲ್ಲ. ನೆಲದ ಮೇಲೆ ನಿಂತ ವಿಮಾನ ನೋಡಿ ಬರೆದವರ ಚಿತ್ರದಲ್ಲಿ ಮಾತ್ರ ಅದು ಕಪ್ಪು.

ಅಲನ್ ಬೀನ್ ನೆನಪಾಗುತ್ತಾರೆ. ಅಮೆರಿಕದ ನೌಕಾಪಡೆಯ ಪೈಲಟ್. 1969ರಲ್ಲಿ ಅಪೊಲೊ 12ರಲ್ಲಿ ಹೋಗಿ ಚಂದ್ರನ ಮೇಲೆ ನಡೆದ ನಾಲ್ಕನೆಯವರು. 1981ರಲ್ಲಿ ನಾಸಾ ಬಿಟ್ಟು ಪೂರ್ತಿ ಚಿತ್ರಕಾರರಾದರು. ಕ್ಯಾನ್ವಾಸಿನ ಮೇಲೆ ತಮ್ಮ ಬೂಟಿನ ಅಚ್ಚು ಒತ್ತುತ್ತಿದ್ದರು, ತಮ್ಮ ಬಾಹ್ಯಾಕಾಶ ಉಡುಪಿನ, ಚಂದ್ರನ ಧೂಳು ಹಿಡಿದ ಬಟ್ಟೆಪಟ್ಟಿಗಳ ಚೂರು ಸೇರಿಸುತ್ತಿದ್ದರು. ಇಷ್ಟೆಲ್ಲ ನಿಜ ಬೆರೆಸಿಯೂ, ಬೂದು ಬಣ್ಣದ ಆ ನೆಲಕ್ಕೆ ಇಲ್ಲದ ಬಣ್ಣ ಹಚ್ಚಿದರು! ಕಣ್ಣಾರೆ ಕಂಡವರಿಗೆ ಆ ಸ್ವಾತಂತ್ರ್ಯ ಇರಲಿ ಬಿಡಿ. ನನಗಿನ್ನೂ ಅಷ್ಟು ಧೈರ್ಯ ಬಂದಿಲ್ಲ.

ನಾಳೆ ಮೊದಲು ಹೊಟ್ಟೆಯ ಬೆಳಕು. ಎಣ್ಣೆಬಣ್ಣ ಒಣಗುವ ತನಕ ಕಾಯುವುದು ಫೈಟರ್ ಹಾರಿಸಿದವನಿಗೆ ಶಿಕ್ಷೆಯೇ. ಚಿತ್ರ ಕೇಳಿದ ಹಳೆಯ ಸೀನಿಯರ್‌ಗೆ ಫೋನ್ ಬೇರೆ ಮಾಡಬೇಕು. ಈ ಕೋನದಿಂದ ಅವರ ವಿಮಾನದ ನಂಬರ್ ಕಾಣಲ್ಲ. ಬೈಯುತ್ತಾರೆ, ಬೈಯಲಿ.