ಕುಪರ್ಟಿನೊದಲ್ಲಿ ಮನೆ ಹಿಡಿದರೆ ಕುಪರ್ಟಿನೊ ಶಾಲೆಯೇ ಸಿಗುತ್ತಾ?

ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೊರಟವರು ಮನೆ ಹುಡುಕುವಾಗ ತಪ್ಪದೆ ಕೇಳುವ ಪ್ರಶ್ನೆ ಇದು. ಸಿಗಲೇಬೇಕೆಂದಿಲ್ಲ. ಶಾಲೆ ನಿರ್ಧಾರವಾಗುವುದು ಅಂಚೆ ವಿಳಾಸದ ಊರಿನ ಹೆಸರಿನಿಂದಲ್ಲ, ಸ್ಕೂಲ್ ಡಿಸ್ಟ್ರಿಕ್ಟಿನ ಗಡಿಯಿಂದ. ಈ ಡಿಸ್ಟ್ರಿಕ್ಟಿಗೂ ನಮ್ಮ ಜಿಲ್ಲೆಗೂ ಹೋಲಿಕೆಯಿಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ ಪ್ರತ್ಯೇಕ ಸ್ಥಳೀಯ ಸಂಸ್ಥೆ ಅದು. ಅದರ ಮಂಡಳಿಯನ್ನು ಜನರೇ ಚುನಾಯಿಸುತ್ತಾರೆ.

ಗೊಂದಲಕ್ಕೆ ಕಾರಣ ಇತಿಹಾಸದಲ್ಲಿದೆ. ಕುಪರ್ಟಿನೊ ನಗರವಾದದ್ದು 1955ರಲ್ಲಿ. ಇಲ್ಲಿನ ಹೈಸ್ಕೂಲುಗಳನ್ನು ನಡೆಸುವ ಫ್ರೀಮಾಂಟ್ ಯೂನಿಯನ್ ಡಿಸ್ಟ್ರಿಕ್ಟು ಅದಕ್ಕಿಂತ ಹಳೆಯದು. ಅದರ ಮೊದಲ ಶಾಲೆ ಫ್ರೀಮಾಂಟ್ ಹೈ ಸನಿವೇಲ್‌ನಲ್ಲಿ ಶುರುವಾದದ್ದು 1923ರಲ್ಲಿ, ಸುತ್ತಲೂ ಹಣ್ಣಿನ ತೋಟಗಳಿದ್ದಾಗ. ತೋಟಗಳ ಜಾಗದಲ್ಲಿ ಮನೆಗಳೆದ್ದವು, ಸ್ಯಾನ್ ಹೋಸೆ ನಗರ ಅಕ್ಕಪಕ್ಕದ ನೆಲವನ್ನೆಲ್ಲ ಸೇರಿಸಿಕೊಳ್ಳುತ್ತ ಬಂತು. ಊರಿನ ಗಡಿ ಒಂದು ಕಡೆ, ಶಾಲೆಯ ಗಡಿ ಇನ್ನೊಂದು ಕಡೆ ಆದದ್ದು ಹೀಗೆ. ಲಿನ್‌ಬ್ರೂಕ್ ಹೈಸ್ಕೂಲ್ ಇರುವುದು ಸ್ಯಾನ್ ಹೋಸೆಯಲ್ಲಿ, ಸೇರಿರುವುದು ಈ ಡಿಸ್ಟ್ರಿಕ್ಟಿಗೆ. ಅಂದಹಾಗೆ, ಕೊಲ್ಲಿಯ ಆಚೆ ದಡದ ಫ್ರೀಮಾಂಟ್ ನಗರದ್ದು ಬೇರೆಯೇ ಡಿಸ್ಟ್ರಿಕ್ಟು; ಹೆಸರು ನೋಡಿ ಮೋಸಹೋಗುವವರು ಕಡಿಮೆಯಿಲ್ಲ.

ಇನ್ನೊಂದು ತೊಡಕು: ಇಲ್ಲಿ ಡಿಸ್ಟ್ರಿಕ್ಟು ಎರಡು. 8ನೇ ತರಗತಿಯವರೆಗೆ ಕುಪರ್ಟಿನೊ ಯೂನಿಯನ್, 9ರಿಂದ 12ರವರೆಗೆ ಫ್ರೀಮಾಂಟ್ ಯೂನಿಯನ್. ಆದ್ದರಿಂದ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಎರಡೂ ಡಿಸ್ಟ್ರಿಕ್ಟುಗಳ ಜಾಲತಾಣದಲ್ಲಿ ಮನೆ ನಂಬರ್ ಸಮೇತ ವಿಳಾಸ ಹಾಕಿ ನೋಡಿ. ಬ್ರೋಕರ್ ಮಾತು, ಬಾಡಿಗೆ ಜಾಹೀರಾತು ಎರಡನ್ನೂ ನಂಬಬೇಡಿ. ಹಳೆಯ ನಕ್ಷೆಯೂ ಬೇಡ: ಮಕ್ಕಳ ಸಂಖ್ಯೆ ಇಳಿದು 2022ರಲ್ಲಿ ರೆಗ್ನಾರ್ಟ್ ಶಾಲೆ ಮುಚ್ಚಿತು, ಅಲ್ಲಿನ ಮನೆಗಳಿಗೆ ಬೇರೆ ಶಾಲೆ ಬಂತು. ಗಡಿಯೊಳಗೇ ಇದ್ದರೂ ನಿಮ್ಮ ಮಗುವಿನ ತರಗತಿ ತುಂಬಿದ್ದರೆ ಅದೇ ಡಿಸ್ಟ್ರಿಕ್ಟಿನ ಇನ್ನೊಂದು ಶಾಲೆಗೆ ಕಳಿಸಬಹುದು. ನಡುವರ್ಷದಲ್ಲಿ ಬಂದವರು ಇದಕ್ಕೆ ತಯಾರಿರಬೇಕು.

ವಾಸದ ಪುರಾವೆಗೆ ಕರಾರು, ಕರೆಂಟ್ ಬಿಲ್ಲು ಬೇಕು. ಸೋಶಿಯಲ್ ಸೆಕ್ಯುರಿಟಿ ನಂಬರನ್ನಾಗಲಿ ವೀಸಾ ಸ್ಥಿತಿಯನ್ನಾಗಲಿ ಕೊಡಬೇಕಾಗಿಲ್ಲ.

ಹೆಚ್ಚಿನವರ ಕೆಲಸ ನಿಲ್ಲುವುದು ಲಸಿಕೆಯಲ್ಲಿ. ಊರಿನಲ್ಲಿ 9ನೇ ತಿಂಗಳಿಗೆ ಹಾಕಿಸಿದ ದಡಾರದ ಡೋಸ್ ಇಲ್ಲಿ ಲೆಕ್ಕಕ್ಕಿಲ್ಲ; ಮೊದಲ ಹುಟ್ಟುಹಬ್ಬದಿಂದ ಈಚೆಗಿನ 2 ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಡೋಸ್ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹಾಕುವ ಎಂಆರ್‌ನಲ್ಲಿ ಮಂಗನಬಾವಿನ ಲಸಿಕೆ ಇರುವುದಿಲ್ಲ. ಚಿಕನ್ ಪಾಕ್ಸ್‌ಗೂ 2 ಡೋಸ್ ಬೇಕು. ಕಾರ್ಡಿನಲ್ಲಿ 05/08 ಎಂದಿದ್ದರೆ ಇಲ್ಲಿನವರು ಮೇ 8 ಎಂದು ಓದುತ್ತಾರೆ, ಹಾಗಾಗಿ ತಿಂಗಳನ್ನು ಅಕ್ಷರದಲ್ಲಿ ಬರೆಸಿಕೊಂಡು ಬನ್ನಿ. ಕ್ಷಯದ ತಪಾಸಣೆ ಕೇಳಿದರೆ ಚರ್ಮದ ಪರೀಕ್ಷೆಯ ಬದಲು ರಕ್ತಪರೀಕ್ಷೆ ಕೇಳಿ. ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡ ಮಗುವಿಗೆ ಕ್ಷಯ ಇಲ್ಲದಿದ್ದರೂ ಚರ್ಮ ಊದಿಕೊಂಡು ಪಾಸಿಟಿವ್ ಬರಬಹುದು, ಆಮೇಲೆ ಎಕ್ಸ್‌ರೇ ಓಡಾಟ.

ಕೊನೆಯದು ಮನೆಮಾತಿನ ಫಾರಂ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದಿನ ತರಗತಿಗೆ ಹಾಕುತ್ತಾರೆ ಎಂಬ ಹೆದರಿಕೆಯಿಂದ ಇಂಗ್ಲಿಷ್ ಎಂದು ಬರೆಯುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಸೇರಿದ 30 ದಿನದೊಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಭಾಷೆ ಸರಿಯಾಗಿ ಬರುತ್ತದೆಂದು ಕಂಡರೆ ವಿಷಯ ಅಲ್ಲಿಗೇ ಮುಗಿಯಿತು. ಬರದಿದ್ದರೆ ಅದೇ ತರಗತಿಯಲ್ಲಿದ್ದುಕೊಂಡೇ ಇಂಗ್ಲಿಷಿನ ಹೆಚ್ಚುವರಿ ಪಾಠ ಸಿಗುತ್ತದೆ, ದುಡ್ಡಿಲ್ಲದೆ.